ಸಕ್ಕರೆ ಅರ್ಧ ಮಾಡಿದ್ರೆ ಕ್ಯಾರೆಟ್ ಮಫಿನ್ ರಬ್ಬರ್ ಹಾಗೆ ಆಗ್ತದೆ, ಎಂತ ಮಾಡುದು?

ಅಪ್ಪನಿಗೆ ಶುಗರ್ ಉಂಟು, ಅದಕ್ಕೆ ಸಕ್ಕರೆ ಅರ್ಧ ಮಾಡಿದೆ, ಮಫಿನ್ ಒಣಗಿ ರಬ್ಬರ್ ಹಾಗಾಯ್ತು ಅಂತ ಬರ್ದಿದ್ದೀರಿ. ಸಕ್ಕರೆ ಕೊಡುದು ಸಿಹಿ ಮಾತ್ರ ಅಲ್ಲ, ಅದು ನೀರನ್ನು ಹಿಡಿದಿಟ್ಟುಕೊಳ್ತದೆ, ಹಿಟ್ಟಿನ ಅಂಟು ಬಲಿಯದ ಹಾಗೆ ತಡೀತದೆ, ಮೇಲಿನ ಕೆಂಪು ಬಣ್ಣಕ್ಕೂ ಬೇಕು. ಅದನ್ನು ತೆಗೆದ ಮೇಲೆ ಆ ಕೆಲಸವನ್ನು ಬೇರೆ ಯಾವುದಾದ್ರೂ ಮಾಡ್ಬೇಕಲ್ಲ, ತುರಿದ ಕ್ಯಾರೆಟ್ ಒಂದರಿಂದಲೇ ಅದು ಆಗುದಿಲ್ಲ.

ನಾವು ಕಾಸರಗೋಡಿನ ಬದಿಯಡ್ಕ ಕಡೆಯವರು. ಇಲ್ಲಿ ಸೌತೆಕಾಯಿ ಕೊಟ್ಟಿಗೆ (ಎಲೆಯಲ್ಲಿ ಕಟ್ಟಿ ಆವಿಯಲ್ಲಿ ಬೇಯಿಸುವ ಅಕ್ಕಿ ಕಡುಬು) ಮಾಡುವಾಗ ಅಕ್ಕಿ ರುಬ್ಬುದು ಸೌತೆಯ ನೀರಿನಲ್ಲೇ ಅಲ್ವಾ, ಬೇರೆ ನೀರು ಸೇರಿಸುದಿಲ್ಲ, ಮಫಿನ್‌ಗೂ ನಾನು ಹಾಗೇ ಮಾಡುದು, ಪಸೆ ಹೆಚ್ಚಾಗಿ ತರಕಾರಿಯಿಂದಲೇ ಬರ್ಲಿ. ಅದಕ್ಕೆ ಚೀನಿಕಾಯಿಯಷ್ಟು ಒಳ್ಳೆದು ಬೇರೆ ಇಲ್ಲ, ಅಂದ್ರೆ ಸಿಹಿಗುಂಬಳ. ಅಟ್ಟದಲ್ಲಿಟ್ಟು ಸ್ವಲ್ಪ ಹಳತಾದದ್ದು ಸಿಕ್ಕಿದ್ರೆ ಇನ್ನೂ ಸಿಹಿ. ನೀರಲ್ಲಿ ಬೇಯಿಸ್ಬೇಡಿ, ಆವಿಯಲ್ಲಿ ಬೇಯಿಸಿ, ಪೂರ್ತಿ ಆರಿದ ಮೇಲೆ ಕೈಯಲ್ಲೇ ಹಿಚುಕಿ, ನೀರು ಬಿಟ್ಟದ್ದು ಕಂಡ್ರೆ ಬಟ್ಟೆಯಲ್ಲಿ ಕಟ್ಟಿ ಸ್ವಲ್ಪ ಹೊತ್ತು ತೂಗಿಸಿ, ಸೌಟು ಬಗ್ಗಿಸಿದ್ರೆ ಹರಿಯದೆ ದೊಪ್ಪ ಅಂತ ಬೀಳ್ಬೇಕು. ಅಷ್ಟು ದಪ್ಪ ಇದ್ದದ್ದು 1 ಕಪ್, ಮತ್ತೆ ಸಣ್ಣ ತುರಿದ ಕ್ಯಾರೆಟ್ ಅರ್ಧ ಕಪ್.

ಇದಕ್ಕೆ ಮೈದಾ 1 ಕಪ್, ಗೋಧಿಹಿಟ್ಟು 1 ಕಪ್, ಸಕ್ಕರೆ 100 ಗ್ರಾಮ್ (ಸಾಮಾನ್ಯ ಇಷ್ಟು ಹಿಟ್ಟಿಗೆ 200 ಗ್ರಾಮ್ ಹಾಕ್ತಾರೆ), ಮೊಟ್ಟೆ 2, ತೆಂಗಿನೆಣ್ಣೆ ಅರ್ಧ ಕಪ್, ಮೊಸರು ಕಾಲು ಕಪ್, ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ, ಸೋಡಾ ಅರ್ಧ, ಉಪ್ಪು ಸ್ವಲ್ಪ. ಮೊಟ್ಟೆ, ಮೊಸರು ಫ್ರಿಜ್‌ನಿಂದ ಮೊದ್ಲೇ ತೆಗೆದಿಡಿ ಆಯ್ತಾ, ತಣ್ಣಗಿನದ್ದು ಬಿದ್ದ ಕೂಡ್ಲೇ ತೆಂಗಿನೆಣ್ಣೆ ಕಾಳು ಕಾಳು ಕಟ್ಟಿಕೊಳ್ತದೆ, ಆಮೇಲೆ ಎಷ್ಟು ಕಲಸಿದ್ರೂ ಸರಿ ಆಗುದಿಲ್ಲ.

ಮಸಾಲೆಗೆ ಕೈ ಹಿಡಿಯಬೇಡಿ, ಸಕ್ಕರೆ ಕಡಿಮೆ ಅಂತ ನಾಲಿಗೆಗೆ ಗೊತ್ತಾಗದ ಹಾಗೆ ಮಾಡುದೇ ಅದು. ದಾಲ್ಚಿನ್ನಿ ಪುಡಿ ಒಂದೂವರೆ ಟೀ ಚಮಚ, ಏಲಕ್ಕಿ ಅರ್ಧ, ಒಣಶುಂಠಿ ಅರ್ಧ, ಜಾಯಿಕಾಯಿ ಆಗಷ್ಟೇ ತುರಿದದ್ದು ಒಂದು ಚಿಟಿಕೆ. ಲವಂಗ ಮಾತ್ರ ಒಂದೇ ಒಂದು, ಜಾಸ್ತಿ ಆದ್ರೆ ಹಲ್ಲುನೋವಿನ ಮದ್ದಿನ ವಾಸನೆ ಬರ್ತದೆ.

ರಬ್ಬರ್ ಆಗುದು ಹೆಚ್ಚಾಗಿ ಕಲಸುವಾಗಲೇ. ಒಣ ಹಿಟ್ಟಿಗೆ ಉಳಿದದ್ದನ್ನೆಲ್ಲ ಸುರಿದು ಸೌಟಿನಲ್ಲಿ ಅಡಿಯಿಂದ ಮೇಲೆ ಮಗುಚಿ, ಬಿಳಿ ಹಿಟ್ಟು ಕಾಣದ ಹಾಗಾದ ಕೂಡ್ಲೇ ನಿಲ್ಲಿಸಿ, ಗಂಟು ಇದ್ದರೂ ಇರ್ಲಿ, ಬೀಟರ್ ಅಂತೂ ಬೇಡವೇ ಬೇಡ. 180 ಡಿಗ್ರಿಯಲ್ಲಿ 20 ನಿಮಿಷ, 12 ಮಫಿನ್ ಆಗ್ತದೆ. ಮೇಲೆ ಕೆಂಪಾಗ್ಲಿ ಅಂತ ಕಾಯ್ತಾ ಕೂತ್ರೆ ಒಳಗೆ ಒಣಗಿ ಹೋಗ್ತದೆ, ಸಕ್ಕರೆ ಕಡಿಮೆ ಇದ್ದದ್ದು ಅಷ್ಟು ಬಣ್ಣ ಬರುದೇ ಇಲ್ಲ, 18 ನಿಮಿಷಕ್ಕೇ ಕಡ್ಡಿ ಚುಚ್ಚಿ ನೋಡಿ.

ಸಕ್ಕರೆ ಬದ್ಲು ಬೆಲ್ಲ ಹಾಕಿದ್ರೆ ಶುಗರ್‌ನವರಿಗೆ ಆಗ್ತದೆ ಅಂತ ತುಂಬಾ ಜನ ಹೇಳ್ತಾರೆ, ದಯವಿಟ್ಟು ನಂಬ್ಬೇಡಿ, ಬೆಲ್ಲದಲ್ಲಿ ಇರುದೂ ಹೆಚ್ಚಿನಂಶ ಅದೇ ಸಕ್ಕರೆ. ಹಿಟ್ಟಿನಿಂದಲೂ ಶುಗರ್ ಏರ್ತದೆ, ಹಾಗಾಗಿ ಅಪ್ಪನಿಗೆ ಒಂದೇ ಕೊಡಿ, ಅದೂ ಊಟದ ಲೆಕ್ಕದಲ್ಲಿ ಸೇರಿಸಿ, ಮಾಮೂಲಿ ಊಟದ ಮೇಲೆ ಇನ್ನೊಂದು ಅಂತ ಬೇಡ.

ಸಕ್ಕರೆ ಕಡಿಮೆ ಆದದ್ದು ಬೇಗ ಹಾಳಾಗ್ತದೆ, ನಮ್ಮ ಮಳೆಗಾಲದಲ್ಲಂತೂ ಹೊರಗಿಟ್ರೆ ಬೂಸ್ಟು ಬರ್ಲಿಕ್ಕೆ ಹೆಚ್ಚು ಹೊತ್ತು ಬೇಡ, ಮರುದಿನಕ್ಕೆ ಉಳಿದದ್ದನ್ನು ಫ್ರಿಜ್‌ನಲ್ಲಿಡಿ. ಅಲ್ಲಿ ತೆಂಗಿನೆಣ್ಣೆ ಗಟ್ಟಿಯಾಗಿ ಮಫಿನ್ ಕಲ್ಲಾದ ಹಾಗೆ ಕಾಣ್ತದೆ, ಹಾಳಾಯ್ತು ಅಂತ ಬಿಸಾಡ್ಬೇಡಿ, ಸ್ವಲ್ಪ ಬಿಸಿ ಮಾಡಿದ್ರೆ ಪುನಃ ಮೆತ್ತಗೆ ಆಗ್ತದೆ.