ಮನೆ ಮಾರಾಟವಾದರೆ ಬಾಡಿಗೆದಾರರು ವಾರದೊಳಗೆ ಹೊರಡಬೇಕೇ?

ಪ್ರಶ್ನೆ: ಬೆಂಗಳೂರಿನಲ್ಲಿ ನಾಲ್ಕು ವರ್ಷಗಳಿಂದ ಒಂದೇ ಬಾಡಿಗೆ ಮನೆಯಲ್ಲಿದ್ದೇವೆ. ಬಾಡಿಗೆ ತಿಂಗಳಿಗೆ 14,000 ರೂಪಾಯಿ, ಅಡ್ವಾನ್ಸ್ 1 ಲಕ್ಷ. ಮೊದಲು ಮಾಡಿಕೊಂಡ 11 ತಿಂಗಳ ಕರಾರನ್ನು ಆಮೇಲೆ ನವೀಕರಿಸಲಿಲ್ಲ. ಬಾಡಿಗೆಯನ್ನು ಮಾತ್ರ ಒಂದು ತಿಂಗಳೂ ತಪ್ಪಿಸಿಲ್ಲ. ಈಗ ಮಾಲೀಕರು ಮನೆ ಮಾರಿದ್ದಾರೆ. ಒಂದು ವಾರದಲ್ಲಿ ಖಾಲಿ ಮಾಡದಿದ್ದರೆ ಕರೆಂಟ್ ತೆಗೆಸಿ ಬೀಗ ಬದಲಾಯಿಸುವುದಾಗಿ ಕೊಂಡವರು ವಾಟ್ಸ್‌ಆ್ಯಪ್‌ನಲ್ಲಿ ತಿಳಿಸಿದ್ದಾರೆ. ಮಗಳು ಹತ್ತನೇ ತರಗತಿ. ನಮಗೇನು ದಾರಿ?
– ಒಬ್ಬ ಓದುಗಳು

ಉತ್ತರ: ತಾಯಿ, ವಾರದೊಳಗೆ ನೀವು ಹೊರಡಬೇಕಾಗಿಲ್ಲ, ನೀವು ವಾಸವಿರುವ ಮನೆಯ ಬೀಗ ಬದಲಾಯಿಸುವ ಅಧಿಕಾರ ಕೊಂಡವರಿಗೂ ಇಲ್ಲ. ನೆಲೆನಿಂತು ಸ್ವಾಧೀನದಲ್ಲಿರುವವರನ್ನು, ಅವರಿಗೆ ಅಲ್ಲಿ ಉಳಿಯುವ ಹಕ್ಕು ಮುಗಿದಿದೆ ಎಂದುಕೊಂಡರೂ, ಕಾನೂನಿನ ಮಾರ್ಗವನ್ನು ಬಿಟ್ಟು ಮಾಲೀಕರೇ ಹೊರಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ.

ಮನೆ ಕೈಬದಲಾದ ಮಾತ್ರಕ್ಕೆ ಬಾಡಿಗೆದಾರಿಕೆ ಕೊನೆಗೊಳ್ಳುವುದಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 109ನೇ ಕಲಮಿನ ಪ್ರಕಾರ ಕೊಂಡವರು ಹಳೆಯ ಮಾಲೀಕರ ಜಾಗಕ್ಕೆ ಬರುತ್ತಾರೆ. ಮಾರಾಟದ ವಿಷಯ ತಿಳಿಯದೆ ನೀವು ಹಳೆಯ ಮಾಲೀಕರಿಗೆ ಕಟ್ಟಿದ ಬಾಡಿಗೆಯನ್ನು ಹೊಸಬರಿಗೆ ಮತ್ತೊಮ್ಮೆ ಕೊಡಬೇಕಾಗಿಲ್ಲ. ಇನ್ನು ಮುಂದೆ ಕೊಡುವ ಮೊದಲು ಕ್ರಯಪತ್ರದ ಪ್ರತಿಯನ್ನು ಕೇಳಿ ಪಡೆಯಿರಿ.

ಆದರೆ ನಿಮ್ಮ ರಕ್ಷಣೆಯ ಮಿತಿಯನ್ನೂ ಹೇಳಲೇಬೇಕು. 1999ರ ಕರ್ನಾಟಕ ಬಾಡಿಗೆ ಕಾಯ್ದೆಯಡಿ ಗೊತ್ತುಪಡಿಸಿದ ಕಾರಣಗಳಿಲ್ಲದೆ ಬಾಡಿಗೆದಾರರನ್ನು ತೆರವುಗೊಳಿಸುವಂತಿಲ್ಲವೆಂದು ಅನೇಕರು ನಂಬಿಕೊಂಡಿದ್ದಾರೆ. ಆದರೆ ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಮನೆಗಳಿಗೆ ಆ ಕಾಯ್ದೆ ಅನ್ವಯಿಸುವುದೇ ಇಲ್ಲ. ಇಂದಿನ ದರದಲ್ಲಿ ನಗರದ ಬಹುತೇಕ ಕುಟುಂಬಗಳು ಅದರ ಆಶ್ರಯದಿಂದ ಹೊರಗುಳಿದಿರುವುದು ನನಗೆ ನೋವಿನ ಸಂಗತಿ. ಕರಾರು ಮುಗಿದ ಮೇಲೂ ಮಾಲೀಕರು ಬಾಡಿಗೆ ಪಡೆಯುತ್ತ ಬಂದಿರುವುದರಿಂದ ನೀವು ತಿಂಗಳ ಬಾಡಿಗೆದಾರರು. ಬೇರೆ ಕರಾರು ಇಲ್ಲದಿದ್ದರೆ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ 15 ದಿನಗಳ ನೋಟಿಸ್ ಸಾಕು, ಅದರಲ್ಲಿ ಕಾರಣ ಹೇಳಬೇಕೆಂದೂ ಇಲ್ಲ. ಆ ನೋಟಿಸ್ ಸಹಿಯುಳ್ಳ ಬರಹವಾಗಿದ್ದು, ಅಂಚೆಯಲ್ಲಿ ಬರಬೇಕು ಅಥವಾ ನಿಮ್ಮ ಕೈಗೋ ಮನೆಯವರ ಕೈಗೋ ತಲುಪಬೇಕು. ನೋಟಿಸಿನ ಅವಧಿ ಮುಗಿದ ಮೇಲೂ ನೀವು ಬಿಡದಿದ್ದರೆ ಅವರು ದಾವೆ ಹೂಡಿ, ಡಿಕ್ರಿ (ನ್ಯಾಯಾಲಯದ ಅಂತಿಮ ಆದೇಶ) ಪಡೆದು, ನ್ಯಾಯಾಲಯದ ಅಮೀನರ ಮೂಲಕ ಸ್ವಾಧೀನ ತೆಗೆದುಕೊಳ್ಳಬೇಕು. ದಾವೆ ಎಳೆದಷ್ಟೂ ಹೆಚ್ಚಿನ ದರದಲ್ಲಿ ನಷ್ಟ ಪರಿಹಾರ ತೆರಬೇಕಾದೀತು; ಆದ್ದರಿಂದ ವರ್ಷಗಟ್ಟಲೆ ಪಟ್ಟು ಹಿಡಿದು ಕೂರಿರೆಂದು ನಾನು ಹೇಳಲಾರೆ.

ಮಗಳ ಪರೀಕ್ಷೆ ಮುಗಿಯುವವರೆಗೆ ಕಾಲಾವಕಾಶ ಕೋರಿ, ಬಿಡುವ ತಾರೀಖನ್ನು ನೀವೇ ನಮೂದಿಸಿ ಇಂದೇ ಪತ್ರ ಬರೆಯಿರಿ. ಒಪ್ಪಿಗೆಯನ್ನೂ ಬರಹದಲ್ಲೇ ಪಡೆಯಿರಿ. ಬಾಡಿಗೆ ನಿಲ್ಲಿಸಬೇಡಿ. ಬಾಕಿದಾರರೆಂದು ತೋರಿಸಲು ಬಾಡಿಗೆಯನ್ನೇ ನಿರಾಕರಿಸುವವರಿದ್ದಾರೆ. ಹಾಗಾದರೆ ಮನಿಯಾರ್ಡರ್ ಮಾಡಿ, ಹಿಂತಿರುಗಿ ಬಂದ ಷರಾ ಇರುವ ಕಾಗದವನ್ನು ಜೋಪಾನವಾಗಿಡಿ. ಕರೆಂಟ್ ಕಡಿಯುವ ಬೆದರಿಕೆಯ ಸಂದೇಶವನ್ನು ಅಳಿಸಬೇಡಿ, ಸಿವಿಲ್ ನ್ಯಾಯಾಲಯದಲ್ಲಿ ತಡೆಯಾಜ್ಞೆ ಕೇಳಲು ಅದೇ ಸಾಕ್ಷ್ಯ. ಅಡ್ವಾನ್ಸ್ ಯಾರ ಬಳಿ ಉಳಿದಿದೆ ಎಂಬುದನ್ನು ಇಬ್ಬರಿಂದಲೂ ಬರಹದಲ್ಲಿ ಕೇಳಿ, ಮನೆಯ ಕೀ ಕೊಡುವ ದಿನವೇ ಆ ಹಣ ಕೈಸೇರುವಂತೆ ಗೊತ್ತುಮಾಡಿಕೊಳ್ಳಿ.

ಇಷ್ಟಾಗಿಯೂ ಅವರು ಬೀಗ ಹಾಕಿಬಿಟ್ಟರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು. ಅಲ್ಲಿ ಮಾಲೀಕತ್ವದ ಪ್ರಶ್ನೆ ಬರುವುದಿಲ್ಲ. ವಕೀಲರ ವೆಚ್ಚಕ್ಕೆ ಹಿಂಜರಿಯಬೇಡಿ. ಮಹಿಳೆಯಾದ್ದರಿಂದ, ಆದಾಯ ಎಷ್ಟೇ ಇದ್ದರೂ, ನಿಮಗೆ ಉಚಿತ ಕಾನೂನು ನೆರವಿನ ಹಕ್ಕಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ ಅಥವಾ 15100ಕ್ಕೆ ಕರೆ ಮಾಡಿ.