ಬಾರ್ಬಡೋಸ್‌ಗೆ ಹೊರಟಿದ್ದೀರಾ? ಬೀಚ್ ಆಮೇಲೆ, ಮೊದಲು ಕಡಲು ಯಾವುದು ನೋಡಿ

ಪ್ರಶ್ನೆ: ಜನವರಿಯಲ್ಲಿ ನಾವು ಐದು ಜನ ಬಾರ್ಬಡೋಸ್‌ಗೆ ಹೋಗುತ್ತಿದ್ದೇವೆ. ನಾನು, ನಮ್ಮ ಯಜಮಾನರು, 8 ಮತ್ತು 11 ವರ್ಷದ ಇಬ್ಬರು ಮಕ್ಕಳು, ಜೊತೆಗೆ 68 ವರ್ಷದ ಅತ್ತೆ. ಒಟ್ಟು ಏಳು ದಿನ. ಅಲ್ಲಿ ಇಲ್ಲಿ ಓದಿ 14 ಬೀಚ್‌ಗಳ ಪಟ್ಟಿ ಮಾಡಿದ್ದೇನೆ, ಒಂದನ್ನೂ ಬಿಡಲು ಮನಸ್ಸು ಬರುತ್ತಿಲ್ಲ. ಮಕ್ಕಳಿಗೆ ಈಜು ಅಷ್ಟಕ್ಕಷ್ಟೇ. ಅತ್ತೆಗೆ ಮಂಡಿನೋವು. ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ?

ಉತ್ತರ: ಒಂಬತ್ತನ್ನು ಈಗಲೇ ಹೊಡೆದು ಹಾಕಿ. ಐದು ಉಳಿಯುತ್ತವೆ, ಏಳು ದಿನಕ್ಕೆ ಅಷ್ಟೇ ಜಾಸ್ತಿ. ಈ ದ್ವೀಪ 34 ಕಿಲೋಮೀಟರ್ ಉದ್ದ, 23 ಕಿಲೋಮೀಟರ್ ಅಗಲ. ನಕ್ಷೆಯಲ್ಲಿ ನೋಡಿದರೆ ಒಂದೇ ದಿನದಲ್ಲಿ ಸುತ್ತಿ ಬರಬಹುದು ಅನಿಸುತ್ತದೆ. ಆದರೆ ರಸ್ತೆಗಳು ಕಿರಿದು, ತಿರುವುಗಳು ಜಾಸ್ತಿ. ಮಕ್ಕಳ ಒದ್ದೆ ಬಟ್ಟೆ ಬದಲಾಯಿಸಿ, ಕಾಲಿನ ಮರಳು ತೊಳೆದು, ಎಲ್ಲರನ್ನೂ ಕಾರಿಗೆ ಹತ್ತಿಸುವಷ್ಟರಲ್ಲಿ ಅರ್ಧ ದಿನ ಹೋಗಿರುತ್ತದೆ. ನಾನು ಮೊದಲ ಸಲ ಹೋದಾಗ ಎರಡು ದಿನದಲ್ಲಿ ಏಳು ಬೀಚ್ ನೋಡಿದ್ದೆ. ಈಗ ಕಣ್ಣು ಮುಚ್ಚಿದರೆ ಎರಡು ಮಾತ್ರ ನೆನಪಿಗೆ ಬರುತ್ತವೆ, ನಿಧಾನವಾಗಿ ಕೂತು ನೋಡಿದ ಎರಡು.

ಇನ್ನು ಆಯ್ಕೆ. ಫೋಟೋ ನೋಡಿ ಆರಿಸಬೇಡಿ, ಕಡಲು ನೋಡಿ ಆರಿಸಿ. ಬಾರ್ಬಡೋಸ್‌ಗೆ ಎರಡು ಕಡಲು. ಪಶ್ಚಿಮಕ್ಕೆ ಕೆರಿಬಿಯನ್, ಸಾಮಾನ್ಯವಾಗಿ ಕೆರೆಯಂತೆ ಶಾಂತ. ಪೂರ್ವಕ್ಕೆ ಅಟ್ಲಾಂಟಿಕ್. ಆ ಕಡೆಯಿಂದ ಆಫ್ರಿಕಾದವರೆಗೂ ಅಡ್ಡ ಒಂದು ತುಂಡು ನೆಲವಿಲ್ಲ, ಹಾಗಾಗಿ ಅಲೆಗಳು ಪೂರ್ತಿ ಕಸುವಿನಲ್ಲಿ ಬಂದು ಬಡಿಯುತ್ತವೆ. ದಕ್ಷಿಣದ ಕರಾವಳಿ ಇವೆರಡರ ನಡುವೆ, ಸ್ವಲ್ಪ ಅಲೆ, ಸ್ವಲ್ಪ ಗಾಳಿ. ಇಷ್ಟು ತಲೆಯಲ್ಲಿಟ್ಟುಕೊಂಡರೆ ನಿಮ್ಮ ಪಟ್ಟಿ ತಾನಾಗಿಯೇ ಮೂರು ಭಾಗವಾಗುತ್ತದೆ: ಮಕ್ಕಳು ನೀರಿಗಿಳಿಯುವ ಬೀಚ್, ದೊಡ್ಡವರು ಅಲೆಯ ಜೊತೆ ಆಡುವ ಬೀಚ್, ಸುಮ್ನೆ ನಿಂತು ನೋಡುವ ಬೀಚ್.

ಮಕ್ಕಳಿಗೆ ಮೊದಲು ಕಾರ್ಲೈಲ್ ಬೇ. ರಾಜಧಾನಿ ಬ್ರಿಡ್ಜ್‌ಟೌನ್ ಪಕ್ಕದಲ್ಲೇ ಇರುವ ಅರ್ಧಚಂದ್ರದ ಕೊಲ್ಲಿ ಇದು. ನೀರು ಎಷ್ಟು ತಿಳಿ ಅಂದರೆ ಎದೆಮಟ್ಟ ನಿಂತರೂ ಕಾಲಿನ ಉಗುರು ಕಾಣುತ್ತದೆ. ದಡದಿಂದ ಸ್ವಲ್ಪ ಒಳಗೆ ಹೋದರೆ ತಳದಲ್ಲಿ ಹಳೆಯ ಹಡಗುಗಳು ಬಿದ್ದಿವೆ. ಅದರಲ್ಲಿ ಬೆರ್ವಿನ್ ಅನ್ನುವ, ದೊಡ್ಡ ಹಡಗುಗಳನ್ನು ಎಳೆಯುವ ಟಗ್ ದೋಣಿ 1919ರಲ್ಲಿ ಮುಳುಗಿದ್ದು. ಅದು ಹೆಚ್ಚು ಆಳದಲ್ಲಿಲ್ಲ, ಮುಖಕ್ಕೆ ಸ್ನಾರ್ಕಲ್ (ಉಸಿರಾಡುವ ಕೊಳವೆ) ಕಟ್ಟಿಕೊಂಡು ನೀರಿನ ಮೇಲೆ ತೇಲುತ್ತಲೇ ನೋಡಬಹುದು. ತುಕ್ಕು ಹಿಡಿದ ಕಬ್ಬಿಣದ ಮೇಲೆ ಹವಳ ಬೆಳೆದು, ಅದರ ಸಂದಿಯಿಂದ ಹಳದಿ ಕಪ್ಪು ಪಟ್ಟೆಯ ಪುಟ್ಟ ಮೀನುಗಳು ಗುಂಪಾಗಿ ಹೊರಬಂದು ನಿಮ್ಮನ್ನು ನೋಡಿ ಮತ್ತೆ ಒಳಗೆ ಹೋಗುತ್ತವೆ. ನಿಮ್ಮ 11 ವರ್ಷದ ಮಗುವಿಗೆ ಇದೊಂದು ಸಾಕು, ಊರಿಗೆ ಬಂದ ಮೇಲೂ ತಿಂಗಳುಗಟ್ಟಲೆ ಹೇಳುತ್ತಿರುತ್ತದೆ. ಲೈಫ್ ಜಾಕೆಟ್ ಹಾಕಿಸಿ, ಗೈಡ್ ಜೊತೆಗೇ ಕಳಿಸಿ.

ಎರಡನೆಯದು ಪಶ್ಚಿಮದ ಪೇನ್ಸ್ ಬೇ. ಸಂಜೆಗೆ ಇಟ್ಟುಕೊಳ್ಳಿ, ಸೂರ್ಯ ಮುಳುಗುವುದು ಆ ಕಡೆಗೇ. ಜನವರಿಯಲ್ಲಿ ಆರು ಗಂಟೆಗೂ ಮುಂಚೆ ಮುಳುಗುತ್ತಾನೆ, ಐದಕ್ಕೆಲ್ಲಾ ಅಲ್ಲಿರಿ. ಇಲ್ಲೊಂದು ಮಾತು. ಚಳಿಗಾಲದಲ್ಲಿ ಉತ್ತರದಿಂದ ದೊಡ್ಡ ಅಲೆಗಳು ಬಂದು ಈ ಶಾಂತ ದಡವನ್ನೂ ಒಂದೆರಡು ದಿನ ಕದಡುವುದುಂಟು. ಹಾಗಾದ ದಿನ ಹಟ ಹಿಡಿದು ಮಕ್ಕಳನ್ನು ಇಳಿಸಬೇಡಿ.

ಮೂರನೆಯದು ದಕ್ಷಿಣದ ಮಯಾಮಿ ಬೀಚ್. ಹೌದು, ಹೆಸರು ಅದೇ, ಎಂಟರ್‌ಪ್ರೈಸ್ ಬೀಚ್ ಅಂತಲೂ ಕರೆಯುತ್ತಾರೆ. ಅತ್ತೆಯವರಿಗೆ ನಾನು ಆರಿಸುವುದು ಇದನ್ನೇ. ಮರಗಳ ನೆರಳಿದೆ. ಒಂದು ಬದಿಯಲ್ಲಿ ನೀರು ಶಾಂತ, ಇನ್ನೊಂದು ಬದಿಯಲ್ಲಿ ಅಲೆ. ಅಂದರೆ ಅತ್ತೆ ನೆರಳಲ್ಲಿ, ಮಕ್ಕಳು ಶಾಂತ ನೀರಲ್ಲಿ, ನಿಮ್ಮ ಯಜಮಾನರು ಅಲೆಯಲ್ಲಿ, ನಾಲ್ವರೂ ನಿಮ್ಮ ಕಣ್ಣಳತೆಯಲ್ಲೇ. ಅಲ್ಲಿನ ಜನರೇ ಮನೆಮಂದಿಯನ್ನೆಲ್ಲಾ ಕರೆದುಕೊಂಡು ಬರುವ ಜಾಗ ಇದು. ಶುಕ್ರವಾರ ಹೋದರೆ ಸಂಜೆ ಹತ್ತಿರದ ಮೀನುಗಾರರ ಊರು ಆಯ್ಸ್ಟಿನ್ಸ್‌ಗೆ ಹೋಗಿ, ಬಿಸಿ ಬಿಸಿ ಸುಟ್ಟ ಮೀನು, ಸಂಗೀತ, ಜನಜಾತ್ರೆ. ಮೀನು ತಿನ್ನದವರಿಗೂ ಆ ಗಲಾಟೆ ಚೆನ್ನಾಗಿರುತ್ತದೆ.

ಇನ್ನೆರಡು ನೋಡಲು ಮಾತ್ರ. ಕ್ರೇನ್ ಬೀಚ್, ಆಗ್ನೇಯ ಮೂಲೆಯಲ್ಲಿದೆ. ಮರಳಿಗೆ ತೆಳು ಗುಲಾಬಿ ಛಾಯೆ, ಹಿಂದೆ ಎತ್ತರದ ಬಂಡೆಗೋಡೆ. ಇಳಿಯಲು ಮೆಟ್ಟಿಲುಗಳಿವೆ, ಅದಕ್ಕೇ ಅತ್ತೆಯವರು ಮೇಲಿಂದ ನೋಡುವುದೇ ಒಳ್ಳೆಯದು. ಮೇಲಿಂದ ಕಾಣುವ ನೋಟ ಕೆಳಗಿನದಕ್ಕಿಂತ ಒಂದು ಕೈ ಮೇಲೆಯೇ.

ಬಾತ್‌ಶೀಬಾಗೆ ಮಾತ್ರ ಒಂದಿಡೀ ಬೆಳಗ್ಗೆ ಕೊಡಿ. ಪೂರ್ವದ ಕರಾವಳಿ, ಸರ್ಫಿಂಗ್ ಮಾಡುವವರು ಸೂಪ್ ಬೌಲ್ ಅಂತ ಕರೆಯುವ ಜಾಗ. ಮನೆಯಷ್ಟು ದೊಡ್ಡ ಹವಳದ ಬಂಡೆಗಳು ನೀರಲ್ಲಿ ನಿಂತಿವೆ. ಅಲೆ ಬಡಿದೂ ಬಡಿದೂ ಬುಡ ಸವೆದು ಅಣಬೆಯ ಹಾಗಾಗಿವೆ. ಇಲ್ಲಿ ಈಜಬೇಡಿ. ಮೊಣಕಾಲುದ್ದ ನೀರಿಗೂ ಮಕ್ಕಳನ್ನು ಒಂಟಿಯಾಗಿ ಬಿಡಬೇಡಿ, ಸೆಳೆತ ಅಷ್ಟಿದೆ. ಆದರೆ ಇಳಿತದ ಹೊತ್ತಿಗೆ ಹೋದರೆ ಬಂಡೆಗಳ ನಡುವೆ ಬಾನಿಯಂಥ ಸಣ್ಣ ಕೊಳಗಳು ಉಳಿದಿರುತ್ತವೆ. ಅದರಲ್ಲಿ ಕೂರಬಹುದು. ಹೊರಗೆ ಅಲೆ ಅಬ್ಬರಿಸುತ್ತಿರುತ್ತದೆ, ನೊರೆಯಷ್ಟೇ ಬಂಡೆ ದಾಟಿ ಬಂದು ನಿಮ್ಮ ಭುಜ ತೊಳೆದು ಹೋಗುತ್ತದೆ. ಇಳಿತದ ಸಮಯ ಹಿಂದಿನ ದಿನವೇ ಹೋಟೆಲಿನಲ್ಲಿ ಕೇಳಿಟ್ಟುಕೊಳ್ಳಿ. ಬಂಡೆಗಳ ಮೇಲೆ ಜಾರುತ್ತದೆ, ಮಂಡಿನೋವಿರುವವರು ದಡದ ಬೆಂಚಿನಲ್ಲೇ ಕೂತರೆ ಸರಿ.

ಬಿಟ್ಟ ಒಂಬತ್ತರಲ್ಲಿ ನಿಮಗೆ ಜಾಸ್ತಿ ಬೇಜಾರಾಗುವುದು ಬಾಟಮ್ ಬೇ ಬಗ್ಗೆ ಇರಬೇಕು. ತೆಂಗಿನಮರ, ಬಂಡೆ, ಖಾಲಿ ಮರಳು, ಫೋಟೋದಲ್ಲಿ ಸ್ವರ್ಗ. ಆದರೆ ಅಲ್ಲಿ ಲೈಫ್‌ಗಾರ್ಡ್ ಇಲ್ಲ, ಸೆಳೆತ ಜೋರು. ಈಜು ಸರಿಯಾಗಿ ಬಾರದ ಮಕ್ಕಳಿರುವಾಗ ನಾನು ಖಂಡಿತ ಹೋಗಿ ಅನ್ನುವುದಿಲ್ಲ.

ಎಲ್ಲಿ ಹೋದರೂ ಒಂದು ಮರದ ಬಗ್ಗೆ ಮಕ್ಕಳಿಗೆ ಮೊದಲೇ ಹೇಳಿಬಿಡಿ. ಮ್ಯಾಂಚಿನೀಲ್ ಅಂತ ಅದರ ಹೆಸರು. ದಡದಲ್ಲೇ ಬೆಳೆಯುತ್ತದೆ, ನೆರಳು ಚೆನ್ನಾಗಿರುತ್ತದೆ, ಪುಟ್ಟ ಹಸಿರು ಸೇಬಿನಂಥ ಹಣ್ಣು ಮರಳಿನ ಮೇಲೆ ಉದುರಿರುತ್ತದೆ. ಮಕ್ಕಳ ಕೈ ತಾನಾಗಿಯೇ ಹೋಗುವಂಥ ಹಣ್ಣು. ತಿಂದರೆ ವಿಷ. ಎಲೆಯ ಹಾಲು ತಾಗಿದರೆ ಚರ್ಮ ಬೊಬ್ಬೆ ಬರುತ್ತದೆ. ಮಳೆ ಬಂದಾಗ ಅದರ ಕೆಳಗೆ ನಿಂತರೆ ಎಲೆಯಿಂದ ತೊಟ್ಟಿಕ್ಕುವ ನೀರೂ ಸುಡುತ್ತದೆ. ಬಹಳ ಕಡೆ ಕಾಂಡಕ್ಕೆ ಕೆಂಪು ಪಟ್ಟಿ ಬಳಿದಿರುತ್ತಾರೆ, ಬಳಿಯದ ಮರಗಳೂ ಇರುತ್ತವೆ. ಗುರುತಿಲ್ಲದ ಹಣ್ಣು ಮುಟ್ಟಬಾರದು ಅಂತ ಮಕ್ಕಳಿಂದ ಮಾತು ತೆಗೆದುಕೊಳ್ಳಿ. ಇನ್ನೊಂದು, ಮಿಲಿಟರಿ ಬಟ್ಟೆಯ ಮಚ್ಚೆ ಮಚ್ಚೆ (ಕ್ಯಾಮಫ್ಲಾಜ್) ಡಿಸೈನಿನ ಚಡ್ಡಿ, ಟೋಪಿ, ಬ್ಯಾಗ್ ಯಾವುದನ್ನೂ ತೆಗೆದುಕೊಂಡು ಹೋಗಬೇಡಿ. ಅಲ್ಲಿ ಅದನ್ನು ಹಾಕುವುದು ಕಾನೂನಿಗೆ ವಿರುದ್ಧ, ಮಕ್ಕಳಿಗೂ ವಿನಾಯಿತಿ ಇಲ್ಲ.

ಪ್ರಶ್ನೆ: ಪಶ್ಚಿಮ ಕರಾವಳಿಯಲ್ಲಿ ಎಲ್ಲಾ ದೊಡ್ಡ ದೊಡ್ಡ ಹೋಟೆಲುಗಳೇ ಅಂತ ಕೇಳಿದ್ದೇನೆ. ನಾವು ಉಳಿಯುವುದು ಸಣ್ಣ ಗೆಸ್ಟ್ ಹೌಸಿನಲ್ಲಿ. ಆ ಹೋಟೆಲುಗಳ ಮುಂದಿನ ಬೀಚಿಗೆ ನಮ್ಮನ್ನು ಬಿಡುತ್ತಾರಾ? ಕಾರು ಬಾಡಿಗೆಗೆ ತೆಗೆದುಕೊಳ್ಳಲೇಬೇಕಾ?

ಉತ್ತರ: ಬಿಡುವುದೇನು ಬಂತು, ಅದು ಎಲ್ಲರದ್ದು. ಬಾರ್ಬಡೋಸ್‌ನಲ್ಲಿ ಬೀಚ್‌ಗಳೆಲ್ಲಾ ಸಾರ್ವಜನಿಕ. ಕುರ್ಚಿ, ಕೊಡೆ ಮಾತ್ರ ಹೋಟೆಲಿನವು. ಎರಡು ಕಾಂಪೌಂಡ್ ಗೋಡೆಗಳ ನಡುವೆ ಸಣ್ಣ ಓಣಿಯಂಥ ದಾರಿ ಇರುತ್ತದೆ, ಅದೇ ಬೀಚಿಗೆ ಹೋಗುವ ದಾರಿ. ಸಂಕೋಚ ಬಿಟ್ಟು ನಡೆಯಿರಿ. ಟವೆಲ್ ಹಾಸಿ ಕೂತರೆ ಯಾರೂ ಏಳಿ ಅನ್ನುವಂತಿಲ್ಲ.

ಕುರ್ಚಿ ಬಾಡಿಗೆಗೆ ಬೇಕಿದ್ದರೆ ಮೊದಲು ದರ ಕೇಳಿ, ಯಾವ ಡಾಲರ್ ಅಂತಲೂ ಕೇಳಿ. ಅಲ್ಲಿ ಎರಡೂ ನಡೆಯುತ್ತದೆ, ಒಂದು ಅಮೆರಿಕನ್ ಡಾಲರಿಗೆ ಎರಡು ಬಾರ್ಬಡೋಸ್ ಡಾಲರ್. ಇಪ್ಪತ್ತು ಅಂದದ್ದು ಯಾವ ಇಪ್ಪತ್ತು ಅಂತ ಆಮೇಲೆ ವಾದ ಬೇಡ, ಅಲ್ವಾ?

ಕಾರು ಬೇಕೇ ಬೇಕು ಅಂತೇನಿಲ್ಲ. ದಕ್ಷಿಣ, ಪಶ್ಚಿಮ ಕರಾವಳಿಯ ರಸ್ತೆಗಳಲ್ಲಿ ಬಸ್ಸು ಚೆನ್ನಾಗಿದೆ. ನೀಲಿ ಬಸ್ಸು ಸರ್ಕಾರದ್ದು, ಹಳದಿಯದು ಖಾಸಗಿ, ಬಿಳಿ ವ್ಯಾನುಗಳಿಗೆ ಝಡ್ಆರ್ ಅನ್ನುತ್ತಾರೆ. ಬಸ್ ಸ್ಟಾಪಿನ ದುಂಡು ಫಲಕದಲ್ಲಿ ಊರಿನ ಹೆಸರಿರುವುದಿಲ್ಲ, ‘ಟು ಸಿಟಿ’ ಅಥವಾ ‘ಔಟ್ ಆಫ್ ಸಿಟಿ’ ಅಂತಷ್ಟೇ ಇರುತ್ತದೆ. ಸಿಟಿ ಅಂದರೆ ಬ್ರಿಡ್ಜ್‌ಟೌನ್. ಅದು ಯಾವ ದಿಕ್ಕಿಗಿದೆ ಅಂತ ಗೊತ್ತಿದ್ದರೆ ತಪ್ಪುವ ಮಾತೇ ಇಲ್ಲ. ಪೂರ್ವದ ಕಡೆ ಹೋಗುವ ದಿನ ಮಾತ್ರ ಕಾರೋ ಟ್ಯಾಕ್ಸಿಯೋ ಮಾಡಿಕೊಳ್ಳಿ.

ಪ್ರಶ್ನೆ: ನಮಗೆ ರಜೆ ಸಿಗುವುದು ಜೂನ್‌ನಲ್ಲಿ ಮಾತ್ರ. ಬೀಚ್ ತುಂಬಾ ಕಂದು ಪಾಚಿ ಬಂದು ನಾರುತ್ತದೆ ಅಂತ ಹೋಗಿ ಬಂದವರೊಬ್ಬರು ಹೆದರಿಸಿದ್ದಾರೆ. ಟಿಕೆಟ್ ಆಗಿಬಿಟ್ಟಿದೆ. ಏನು ಮಾಡಲಿ?

ಉತ್ತರ: ಅವರು ಹೇಳಿದ್ದು ಸುಳ್ಳಲ್ಲ. ಆದರೆ ಪ್ರವಾಸ ಕೈಬಿಡುವಂಥದ್ದೂ ಅಲ್ಲ. ಅದರ ಹೆಸರು ಸಾರ್ಗಾಸಮ್, ಅಟ್ಲಾಂಟಿಕ್‌ನಲ್ಲಿ ತೇಲುತ್ತಾ ಬರುವ ಕಡಲಕಳೆ. 2011ರಿಂದ ಈಚೆಗೆ ಕೆರಿಬಿಯನ್ ದ್ವೀಪಗಳಿಗೆಲ್ಲಾ ರಾಶಿ ರಾಶಿ ಬರತೊಡಗಿದೆ. ನೀರಲ್ಲಿ ತೇಲುವಾಗ ತೊಂದರೆ ಇಲ್ಲ, ಮೀನುಮರಿಗಳಿಗೆ ಅದೇ ಮನೆ. ದಡಕ್ಕೆ ಬಂದು ಕೊಳೆತಾಗ ಕೊಳೆತ ಮೊಟ್ಟೆಯ ವಾಸನೆ. ಉಸಿರಾಟದ ತೊಂದರೆ ಇರುವವರು ಆ ರಾಶಿಯಿಂದ ದೂರವೇ ಇರಬೇಕು.

ಸಮಾಧಾನದ ಸಂಗತಿ ಏನೆಂದರೆ ಅದು ಬರುವುದು ಅಟ್ಲಾಂಟಿಕ್ ಕಡೆಯಿಂದ. ಹಾಗಾಗಿ ಪೂರ್ವ, ಆಗ್ನೇಯದ ಬೀಚ್‌ಗಳಿಗೆ ಪೆಟ್ಟು ಜಾಸ್ತಿ, ಪಶ್ಚಿಮಕ್ಕೆ ಬಹಳ ಕಡಿಮೆ. ಜೂನ್‌ನಲ್ಲಿ ಹೋಗುವವರು ಉಳಿಯುವ ಜಾಗವನ್ನು ಪಶ್ಚಿಮದಲ್ಲೇ ಮಾಡಿಕೊಳ್ಳಿ. ಕ್ರೇನ್ ಬೀಚಿಗೆ ಹೋಗುವ ಆಸೆಯಿದ್ದರೆ ದಿನ ನಿಗದಿ ಮಾಡಬೇಡಿ, ಬಾರ್ಬಡೋಸ್‌ಗೆ ಹೋದ ಮೇಲೆ ಇವತ್ತು ಹೇಗಿದೆ ಅಂತ ವಿಚಾರಿಸಿ ಹೊರಡಿ. ಒಂದು ದಿನ ತುಂಬಿದ ದಡ ಗಾಳಿ ತಿರುಗಿದರೆ ಖಾಲಿಯಾಗಿರುತ್ತದೆ. ಜೂನ್‌ಗೆ ಚಂಡಮಾರುತದ ಕಾಲವೂ ಶುರು, ನವೆಂಬರ್ ತನಕ. ಪ್ರಯಾಣ ವಿಮೆ ಮಾಡಿಸಿಕೊಂಡೇ ಹೋಗಿ.

ಪ್ರಶ್ನೆ: ನಮ್ಮನೆಯವರು ಕ್ರಿಕೆಟ್ ಹುಚ್ಚರು. ಕೆನ್ಸಿಂಗ್ಟನ್ ಓವಲ್ ನೋಡದೆ ವಾಪಸ್ ಬರುವುದಿಲ್ಲ ಅಂತ ಕೂತಿದ್ದಾರೆ. ನನಗೆ ಕಡಲಾಮೆ ನೋಡಬೇಕು. ಎರಡೂ ಒಂದೇ ದಿನ ಆಗುತ್ತಾ?

ಉತ್ತರ: ಆರಾಮಾಗಿ ಆಗುತ್ತದೆ. 2024ರ ಜೂನ್ 29ರಂದು ಭಾರತ 7 ರನ್‌ಗಳಿಂದ ದಕ್ಷಿಣ ಆಫ್ರಿಕಾವನ್ನು ಸೋಲಿಸಿ ಟಿ20 ವಿಶ್ವಕಪ್ ಗೆದ್ದದ್ದು ಇದೇ ಮೈದಾನದಲ್ಲಿ. ಅವರ ಹಟ ನನಗೆ ಅರ್ಥವಾಗುತ್ತದೆ, ನಾನಾದರೂ ಹಾಗೇ ಕೂರುತ್ತಿದ್ದೆ. ಮೈದಾನ ಇರುವುದು ಬ್ರಿಡ್ಜ್‌ಟೌನ್‌ನಲ್ಲೇ, ಅಲ್ಲಿಂದ ಆಮೆಗಳು ಸಿಗುವ ಕಾರ್ಲೈಲ್ ಬೇ ದೂರವಿಲ್ಲ. ಬೆಳಗ್ಗೆ ನೀರು ತಿಳಿಯಾಗಿದ್ದು ಜನ ಕಡಿಮೆ ಇರುವಾಗ ಆಮೆ ನೋಡಿ ಮುಗಿಸಿ. ಮಧ್ಯಾಹ್ನ ಅವರ ಜೊತೆ ಓವಲ್‌ಗೆ ಹೋಗಿ. ಒಳಗೆ ಬಿಡುತ್ತಾರಾ ಅಂತ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.

ಆಮೆಗಳ ವಿಷಯದಲ್ಲಿ ಒಂದು ಕೋರಿಕೆ. ಆಮೆ ತೋರಿಸಲು ಕರೆದೊಯ್ಯುವ ದೋಣಿಯವರಲ್ಲಿ ಕೆಲವರು ಮೀನಿನ ತುಂಡು ಹಾಕಿ ಆಮೆಗಳನ್ನು ಕರೆಯುತ್ತಾರೆ. ಹಾಗೆ ತಿಂದು ರೂಢಿಯಾದ ಆಮೆಗಳು ದೋಣಿ ಕಂಡರೆ ತಾವಾಗಿಯೇ ಹತ್ತಿರ ಬರುತ್ತವೆ, ಪ್ರೊಪೆಲರಿಗೆ ಸಿಕ್ಕಿ ಚಿಪ್ಪು ಒಡೆದುಕೊಳ್ಳುತ್ತವೆ. ಆಮೆಗೆ ತಿನ್ನಿಸುವುದಿಲ್ಲ ಅನ್ನುವ ದೋಣಿಯನ್ನೇ ಕೇಳಿ ಹತ್ತಿ. ಮುಟ್ಟಬೇಡಿ, ಬೆನ್ನಟ್ಟಬೇಡಿ. ಸುಮ್ನೆ ತೇಲುತ್ತಾ ಇರಿ. ಕೆಳಗೆ ಹುಲ್ಲು ಮೇಯುತ್ತಿರುವ ಆಮೆ ಉಸಿರಿಗೆಂದು ಮೇಲೆ ಬರುತ್ತದೆ, ನಿಮ್ಮ ಮುಖದ ಪಕ್ಕದಲ್ಲೇ ತಲೆಯೆತ್ತಿ ಫುಸ್ ಅಂತ ಒಂದು ಉಸಿರು ಬಿಟ್ಟು ಮತ್ತೆ ಇಳಿದು ಹೋಗುತ್ತದೆ.