ಹದಿಮೂರು ಪದ್ಧತಿ ಬಿಡಿ, ಆ ಒಂದು ಹಸುವಿನ ಬಗ್ಗೆ ಬರೆಯಿರಿ

ಡಾಕ್ಟ್ರೇ, ನಮಸ್ಕಾರ.

ನೀವು ಕಳಿಸಿದ ‘ಜಗತ್ತಿನ ವಿಚಿತ್ರ ಶವಸಂಸ್ಕಾರಗಳು ಮತ್ತು ಪರಿಸರ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಅದರ ಜೊತೆ ಅರ್ಧ ಪುಟದ ಒಂದು ಪತ್ರ ಇಟ್ಟಿದ್ದೀರಲ್ಲ, ಅದು ಇನ್ನೂ ನನ್ನ ಮೇಜಿನ ಮೇಲೇ ಇದೆ. ಈ ಉತ್ತರ ಇಷ್ಟು ಉದ್ದ ಆಗಿದ್ದಕ್ಕೆ ಆ ಪತ್ರವೇ ಕಾರಣ.

ಮೊದಲು ಲೇಖನದ ಮಾತು. ಒಂಬತ್ತು ಪುಟದಲ್ಲಿ ಹದಿಮೂರು ಪದ್ಧತಿ ಬಂದಿವೆ. ಇಂಡೋನೇಷ್ಯಾದ ತೊರಾಜಾ ಜನ ಸತ್ತವರನ್ನು ತಿಂಗಳುಗಟ್ಟಲೆ ಮನೆಯಲ್ಲೇ ಇಟ್ಟುಕೊಳ್ಳುವುದಕ್ಕೆ ಒಂದು ಪ್ಯಾರಾ. ಮಡಗಾಸ್ಕರ್‌ನಲ್ಲಿ ಹಿರಿಯರನ್ನು ಗೋರಿಯಿಂದ ತೆಗೆದು ಹೊಸ ಬಟ್ಟೆ ಸುತ್ತುವುದಕ್ಕೆ ಇನ್ನೊಂದು. ಘಾನಾದಲ್ಲಿ ಮೀನಿನ ಆಕಾರದ ಶವಪೆಟ್ಟಿಗೆ, ಫಿಲಿಪ್ಪೀನ್ಸ್‌ನ ಸಗಾಡದಲ್ಲಿ ಬಂಡೆಗೆ ತೂಗುಹಾಕಿದ ಪೆಟ್ಟಿಗೆ, ಅಮೆರಿಕದ ವಾಷಿಂಗ್ಟನ್ ರಾಜ್ಯ 2019ರಲ್ಲಿ ಒಪ್ಪಿದ, ಶವವನ್ನು ಗೊಬ್ಬರ ಮಾಡುವ ಕಾನೂನು. ಒಂದೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಘಾನಾದಲ್ಲಿ ಆ ಮೀನಿನ ಪೆಟ್ಟಿಗೆಯೊಳಗೆ ಮಲಗಿದವನು ಮೀನುಗಾರನಾಗಿದ್ದನೇ, ಅದನ್ನು ಕೆತ್ತಿದ ಬಡಗಿ ಯಾರು ಅಂತ ಕೇಳುವಷ್ಟರಲ್ಲಿ ನೀವು ಮುಂದಿನ ದೇಶಕ್ಕೆ ಹೋಗಿಬಿಟ್ಟಿರುತ್ತೀರಿ.

‘ವಿಚಿತ್ರ’ ಅನ್ನುವ ಪದವನ್ನು ಹನ್ನೊಂದು ಕಡೆ ಬಳಸಿದ್ದೀರಿ. ನಾನು ಎಣಿಸಿದೆ. ಯಾರಿಗೆ ವಿಚಿತ್ರ? ನಮ್ಮಲ್ಲಿ ಲಿಂಗಾಯತರು ದೇಹವನ್ನು ಕೂರಿಸಿ, ಅಂಗೈಯಲ್ಲಿ ಲಿಂಗ ಇಟ್ಟು, ವಿಭೂತಿ, ಬಿಲ್ವಪತ್ರೆ ಹಾಕಿ ಸಮಾಧಿ ಮಾಡುತ್ತಾರೆ. ಅದು ನಿಮ್ಮ ಪಟ್ಟಿಯಲ್ಲಿ ಇಲ್ಲ. ನಮಗೆ ಅದು ವಿಚಿತ್ರ ಅನ್ನಿಸುವುದೇ ಇಲ್ಲ, ಅದಕ್ಕೇ ಇಲ್ಲ. ತೊರಾಜಾದ ಮಗಳಿಗೂ ಅವಳ ಅಪ್ಪನನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಹಾಗೆಯೇ. ಸತ್ತವರ ಬಗ್ಗೆ ಬರೆಯುವಾಗ ಅವರ ಮನೆಯವರು ಪಕ್ಕದಲ್ಲಿ ಕೂತು ಓದುತ್ತಿದ್ದಾರೆ ಅಂದುಕೊಂಡು ಬರೆಯಿರಿ. ಬೆಂಗಳೂರಿನಲ್ಲಿ ಪಾರ್ಸಿಗಳಿದ್ದಾರೆ, ಶವ ಇಡುವ, ಮೇಲೆ ತೆರೆದ ಗೋಪುರ, ಅಂದರೆ ಅವರದೊಂದು ದಖ್ಮಾ ಕೂಡ ಇದೆ. ‘ಪಾರ್ಸಿಗಳು ಹೆಣವನ್ನು ಹದ್ದುಗಳಿಗೆ ಎಸೆಯುತ್ತಾರೆ’ ಅನ್ನುವ ನಿಮ್ಮ ವಾಕ್ಯವನ್ನು ಅವರ ಮುಂದೆ ಓದಲು ನಿಮಗೆ ಆಗುತ್ತದೆಯೇ? ಯಾರೂ ಎಸೆಯುವುದಿಲ್ಲ. ಸ್ನಾನ ಮಾಡಿಸಿ, ಬಿಳಿ ಬಟ್ಟೆ ಉಡಿಸಿ, ಪ್ರಾರ್ಥನೆ ಮುಗಿಸಿ, ಹೆಗಲ ಮೇಲೆ ಹೊತ್ತು ತರುತ್ತಾರೆ. ದಖ್ಮಾದ ಒಳಗೆ ಮೂರು ಸುತ್ತು ಇರುತ್ತದೆ. ಹೊರಗಿನದು ಗಂಡಸರಿಗೆ, ನಡುವಿನದು ಹೆಂಗಸರಿಗೆ, ಒಳಗಿನದು ಮಕ್ಕಳಿಗೆ. ಮಧ್ಯದಲ್ಲಿ ಒಂದು ಬಾವಿ. ರಣಹದ್ದುಗಳು ತಿಂದ ಮೇಲೆ ಬಿಸಿಲಿಗೆ ಒಣಗಿದ ಎಲುಬು ಕೊನೆಗೆ ಅಲ್ಲಿಗೆ ಸೇರುತ್ತದೆ. ಶ್ರೀಮಂತ, ಬಡವ ಅನ್ನದೆ ಎಲ್ಲರ ಎಲುಬೂ ಒಂದೇ ಬಾವಿಗೆ.

ಇನ್ನೊಂದು ತಪ್ಪು ಇದಕ್ಕಿಂತ ಸೂಕ್ಷ್ಮವಾದದ್ದು. ಪಾರ್ಸಿಗಳು ‘ಪರಿಸರ ಉಳಿಸಲು’ ಈ ಪದ್ಧತಿ ಮಾಡಿಕೊಂಡರು ಅಂತ ಬರೆದಿದ್ದೀರಿ. ಅವರ ಧರ್ಮದಲ್ಲಿ ಬೆಂಕಿ, ನೀರು, ಮಣ್ಣು ಪವಿತ್ರ. ಶವ ಅವುಗಳಿಗೆ ಮೈಲಿಗೆ. ಅದಕ್ಕೇ ಸುಡುವುದಿಲ್ಲ, ಹೂಳುವುದಿಲ್ಲ. ಸೌದೆ ಉಳಿಯಿತು, ಜಾಗ ಉಳಿಯಿತು ಅನ್ನುವುದು ನಮ್ಮ ಕಾಲದ ಲೆಕ್ಕ. ಎರಡನ್ನೂ ಹೇಳಿ, ಆದರೆ ಬೇರೆ ಬೇರೆ ಹೇಳಿ. ಹಾಗೆಯೇ ಹೆಣ ಸುಡಲು ವರ್ಷಕ್ಕೆ ಇಷ್ಟು ಕೋಟಿ ಮರ ಅಂತ ಒಂದು ಅಂಕಿ ಕೊಟ್ಟಿದ್ದೀರಿ. ಎಲ್ಲಿಂದ ಬಂತು ಅಂತ ಬರೆದಿಲ್ಲ. ತೆಗೆದುಬಿಡಿ.

ಈಗ ನಿಮ್ಮ ಪತ್ರಕ್ಕೆ ಬರುತ್ತೇನೆ.

ರಾಮನಗರದ ಕಡೆ ಪಶುವೈದ್ಯರಾಗಿದ್ದು ನಿವೃತ್ತರಾದೆ ಅಂತ ಬರೆದಿದ್ದೀರಿ. ಆಮೇಲೆ ನಾಲ್ಕೇ ಸಾಲು: ‘1999ರಲ್ಲಿ ಒಂದು ಹಸುವಿಗೆ ಕೆಚ್ಚಲು ಬಾವು ಆಗಿತ್ತು. ನೋವಿಗೆ ಡೈಕ್ಲೋಫೆನಾಕ್ ಕೊಟ್ಟೆ. ಮಾರನೇ ದಿನ ಸತ್ತಿತು. ಬೆಟ್ಟದ ಬುಡದಲ್ಲಿ ಹಾಕಿ ಬಂದರು.’

ಒಂಬತ್ತು ಪುಟದ ಲೇಖನದಲ್ಲಿ ಇದು ಎಲ್ಲೂ ಇಲ್ಲ! ಅಲ್ಲಿರುವುದು ಒಂದೇ ವಾಕ್ಯ: ‘ರಾಸಾಯನಿಕಗಳ ಅತಿಯಾದ ಬಳಕೆಯಿಂದಾಗಿ ರಣಹದ್ದುಗಳ ಸಂತತಿಯು ಕ್ಷೀಣಿಸಿರುವುದು ಅತ್ಯಂತ ಕಳವಳಕಾರಿಯಾಗಿದೆ.’ ಈ ವಾಕ್ಯವನ್ನು ಯಾರು ಬೇಕಾದರೂ ಬರೆಯಬಹುದು. ಆ ನಾಲ್ಕು ಸಾಲು ನಿಮ್ಮೊಬ್ಬರಿಂದ ಮಾತ್ರ ಸಾಧ್ಯ.

ಆ ಹಸುವಿನಿಂದ, ಪಾರ್ಸಿಗಳ ದಖ್ಮಾಗಳಿರುವ ಮುಂಬೈನ ಮಲಬಾರ್ ಹಿಲ್‌ವರೆಗೆ ಒಂದು ದಾರಿ ಇದೆ. ಆ ದಾರಿಯಲ್ಲಿ ಓದುಗರನ್ನು ನಡೆಸಿಕೊಂಡು ಹೋಗಿ. ಅದೇ ನಿಮ್ಮ ಲೇಖನ. ವಿಷಯ ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಆದರೂ ಓದುಗನಿಗೆ ಯಾವ ಕ್ರಮದಲ್ಲಿ ಬೇಕು ಅಂತ ತೋರಿಸಲು ಇಲ್ಲಿ ಬರೆಯುತ್ತಿದ್ದೇನೆ.

ಭರತಪುರದ ಕೇವಲಾದೇವ್ ಉದ್ಯಾನದಲ್ಲಿ ರಣಹದ್ದುಗಳು ಕುತ್ತಿಗೆ ಜೋತುಹಾಕಿ ಕೂತು, ದಿನಗಟ್ಟಲೆ ಹಾಗೇ ಇದ್ದು, ಮರದಿಂದ ಬಿದ್ದು ಸಾಯುವುದನ್ನು ಪಕ್ಷಿವಿಜ್ಞಾನಿ ವಿಭು ಪ್ರಕಾಶ್ 1990ರ ದಶಕದಲ್ಲಿ ಗಮನಿಸಿದರು. ಕಾರಣ ಯಾರಿಗೂ ಹೊಳೆಯಲಿಲ್ಲ. ಹೊಸ ರೋಗವೇ ಇರಬೇಕು ಅಂದುಕೊಂಡರು. 2004ರಲ್ಲಿ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು ಪಾಕಿಸ್ತಾನದಲ್ಲಿ ಸತ್ತ ಹಕ್ಕಿಗಳನ್ನು ಕೊಯ್ದು ನೋಡಿದ ವರದಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಮೂತ್ರಪಿಂಡ ಕೆಟ್ಟು ಸತ್ತ 25 ಹಕ್ಕಿ ಪರೀಕ್ಷಿಸಿದರು. 25ರಲ್ಲೂ ಡೈಕ್ಲೋಫೆನಾಕ್ ಸಿಕ್ಕಿತು. ಔಷಧಿ ಕೊಟ್ಟ ದನ ಸತ್ತಾಗ ಅದನ್ನು ತಿಂದು ಒಳಗೆ ಹೋದದ್ದು. ಬೇರೆ ಕಾರಣಕ್ಕೆ ಸತ್ತವುಗಳಲ್ಲಿ ಇರಲಿಲ್ಲ. ಹಕ್ಕಿಯ ಮೂತ್ರಪಿಂಡ ನಿಂತರೆ ಯೂರಿಕ್ ಆಮ್ಲ ಹೊರಗೆ ಹೋಗದೆ, ಕರುಳು, ಪಿತ್ತಜನಕಾಂಗದ ಮೇಲೆ ಸುಣ್ಣ ಬಳಿದ ಹಾಗೆ ಬೆಳ್ಳಗೆ ಕೂರುತ್ತದೆ. ಸತ್ತ ಕೋಳಿ ಕೊಯ್ದಾಗ ಇದನ್ನು ನೀವು ನೋಡಿರುತ್ತೀರಿ. ಆ ಬಿಳಿಯನ್ನು ನಿಮ್ಮ ಕಣ್ಣಿನಿಂದ ವರ್ಣಿಸಿ.

ಮುಂದಿನದನ್ನು ಓದುಗ ನಂಬುವುದೇ ಕಷ್ಟ, ಹಾಗಾಗಿ ನಿಧಾನವಾಗಿ ಹೇಳಿ. ನೂರು ಕಳೇಬರದಲ್ಲಿ ಒಂದಕ್ಕಿಂತ ಕಡಿಮೆ ಕಳೇಬರದಲ್ಲಿ ಔಷಧಿ ಇದ್ದರೂ ಇಷ್ಟು ದೊಡ್ಡ ಸಾವು ಆಗಬಹುದು ಅಂತ ಲೆಕ್ಕ ಹಾಕಿದ್ದಾರೆ. ಯಾಕೆ ಅಂದರೆ ಇವು ಒಂಟಿಯಾಗಿ ತಿನ್ನುವ ಹಕ್ಕಿಗಳಲ್ಲ. ಒಂದು ಇಳಿದರೆ ಅದನ್ನು ನೋಡಿ ಇನ್ನೊಂದು, ಹೀಗೆ ಹತ್ತಾರು ಒಂದೇ ದನದ ಮೇಲೆ ಇಳಿಯುತ್ತವೆ. ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಕಳೆದುಕೊಂಡದ್ದನ್ನು ಬೇಗ ತುಂಬಿಕೊಳ್ಳಲು ಆಗುವುದಿಲ್ಲ. 1992ರಿಂದ 2007ರ ಒಳಗೆ ಭಾರತದಲ್ಲಿ ಬಿಳಿಬೆನ್ನಿನ ರಣಹದ್ದು ಶೇ. 99.9ರಷ್ಟು ಕಡಿಮೆಯಾಯಿತು. ಅಂದರೆ ಸಾವಿರ ಇದ್ದಲ್ಲಿ ಒಂದು. ನಾನು ಹುಡುಗನಿದ್ದಾಗ ಊರ ಹೊರಗೆ ದನ ಸತ್ತರೆ ಸಂಜೆಯೊಳಗೆ ಎಲುಬಿನ ಗೂಡು ಉಳಿಯುತ್ತಿತ್ತು. ಈಗ ನನ್ನ ಮಗಳಿಗೆ ಹೇಳಿದರೆ ಕಥೆ ಅಂದುಕೊಳ್ಳುತ್ತಾಳೆ.

ಇದರ ಪೆಟ್ಟು ಮಲಬಾರ್ ಹಿಲ್‌ನಲ್ಲಿ ದಖ್ಮಾಗಳಿರುವ ಡೂಂಗರ್‌ವಾಡಿಗೂ ಬಿತ್ತು. ಕೆಲವೇ ಗಂಟೆಗಳಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಹಕ್ಕಿಗಳೇ ಇಲ್ಲವಾದವು. ಬಿಸಿಲನ್ನು ಒಟ್ಟುಗೂಡಿಸಿ ಶವದ ಮೇಲೆ ಬೀಳಿಸುವ ಸೌರ ಪ್ರತಿಫಲಕ ಹಾಕಿದರು. ಮಳೆಗಾಲದ ಮುಂಬೈಯಲ್ಲಿ ಬಿಸಿಲು ಎಲ್ಲಿ? ಅಲ್ಲೇ ರಣಹದ್ದು ಸಾಕುವ ಯೋಚನೆಯೂ ಬಂತು. ಆದರೆ ಕೊನೆಗಾಲದಲ್ಲಿ ಮನುಷ್ಯರಿಗೂ ಅದೇ ನೋವಿನ ಔಷಧಿ ಕೊಟ್ಟಿರುತ್ತಾರೆ. ಆ ದೇಹ ತಿಂದ ಹಕ್ಕಿ ಏನಾಗಬೇಕು? ಈ ಒಂದು ಪ್ರಶ್ನೆಗೆ ಅರ್ಧ ಪುಟ ಕೊಡಿ, ಅಷ್ಟು ಗಟ್ಟಿ ವಿಷಯ ಇದು. 2015ರಲ್ಲಿ ವರ್ಲಿಯಲ್ಲಿ, ದಹನ ಬೇಕು ಅನ್ನುವ ಪಾರ್ಸಿಗಳಿಗೆ ಪ್ರಾರ್ಥನಾ ಮಂದಿರ ತೆರೆಯಿತು. 2024ರಲ್ಲಿ ರತನ್ ಟಾಟಾ ಅವರ ಅಂತ್ಯಸಂಸ್ಕಾರ ವರ್ಲಿಯ ಚಿತಾಗಾರದಲ್ಲೇ ಆಯಿತು. ದನದ ಔಷಧಿಯಿಂದ ಒಂದು ಸಮುದಾಯದ ಶತಮಾನಗಳ ಆಚರಣೆಗೇ ಕುತ್ತು ಬಂತು. ದನಕ್ಕೆ ಸೂಜಿ ಹಾಕಿದವರು ಯಾರೂ ಇದನ್ನು ಕನಸಲ್ಲೂ ಎಣಿಸಿರಲಿಲ್ಲ.

2006ರಲ್ಲಿ ದನಗಳ ಡೈಕ್ಲೋಫೆನಾಕ್‌ಗೆ ನಿಷೇಧ ಆದ ಮೇಲೆ ಸಮಸ್ಯೆ ಮುಗಿಯಿತು ಅಂತ ನೀವು ಬರೆದದ್ದು ಸರಿಯಲ್ಲ. ಮನುಷ್ಯರ ಹೆಸರಿನಲ್ಲಿ ಬರುತ್ತಿದ್ದ ದೊಡ್ಡ ಸೀಸೆಗಳೇ ಕೊಟ್ಟಿಗೆಗೆ ಹೋಗುತ್ತಿದ್ದವು. ಅದಕ್ಕೇ 2015ರಲ್ಲಿ ಸೀಸೆಯನ್ನು 3 ಎಂಎಲ್‌ಗೆ ಇಳಿಸಿದರು. ಒಂದು ಹಸುವಿಗೆ ಅಂಥ ಎಷ್ಟು ಸೀಸೆ ಒಡೆಯಬೇಕಾಗುತ್ತದೆ, ಅದರಿಂದ ಏನು ಬದಲಾಯಿತು ಅನ್ನುವುದನ್ನು ನಿಮ್ಮ ಅನುಭವದಿಂದ ಬರೆಯಿರಿ. ಅಸೆಕ್ಲೋಫೆನಾಕ್ ಅನ್ನುವ ಇನ್ನೊಂದು ನೋವಿನ ಔಷಧಿ ದನದ ಮೈಯಲ್ಲಿ ಡೈಕ್ಲೋಫೆನಾಕ್ ಆಗಿಬಿಡುತ್ತದೆ. ಅದನ್ನೂ ಕೀಟೋಪ್ರೊಫೆನ್ ಅನ್ನೂ ದನಗಳಿಗೆ ಕೊಡಬಾರದು ಅಂತ ಆದದ್ದು 2023ರಲ್ಲಿ. ನೋವಿಗೆ ಇವುಗಳ ಬದಲು ಮೆಲಾಕ್ಸಿಕಾಮ್ ಕೊಟ್ಟರೆ ಹಕ್ಕಿಗೆ ತೊಂದರೆ ಇಲ್ಲ ಅನ್ನುವುದನ್ನು ದಪ್ಪ ಅಕ್ಷರದಲ್ಲಿ ಹಾಕೋಣ. ನಮ್ಮ ಓದುಗರಲ್ಲಿ ಹಸು ಸಾಕಿದವರು ಜಾಸ್ತಿ.

ಒಂದು ಮಾತು ಕೇಳಲೇಬೇಕು. ಆ ನಾಲ್ಕು ಸಾಲನ್ನು ಲೇಖನದಿಂದ ಹೊರಗಿಟ್ಟದ್ದು ಸಂಕೋಚಕ್ಕಾ? ಹಾಗಿದ್ದರೆ ನನಗೆ ಅರ್ಥವಾಗುತ್ತದೆ. 1999ರಲ್ಲಿ ಆ ಔಷಧಿ ಅಂಗಡಿಯಲ್ಲಿ ಸಿಗುತ್ತಿತ್ತು, ಹಕ್ಕಿಗೆ ವಿಷ ಅಂತ ಯಾರಿಗೂ ಗೊತ್ತಿರಲಿಲ್ಲ. ನೀವು ನೋವು ಕಡಿಮೆ ಮಾಡಲು ಹೋದಿರಿ. ಲೇಖನದಲ್ಲಿ ಎದೆ ಬಡಿದುಕೊಳ್ಳುವುದು ಬೇಡ, ಸಮರ್ಥನೆಯೂ ಬೇಡ. ಅವತ್ತು ನಡೆದದ್ದನ್ನು ನಡೆದ ಹಾಗೆ ಬರೆಯಿರಿ. ಹಸು ಯಾವ ಬಣ್ಣದ್ದು, ಎಷ್ಟನೇ ಸೂಲು? ಅದನ್ನು ಬೆಟ್ಟದ ಬುಡಕ್ಕೆ ಗಾಡಿಯಲ್ಲಿ ಒಯ್ದರೋ, ಟ್ರ್ಯಾಕ್ಟರ್‌ಗೆ ಕಟ್ಟಿ ಎಳೆದರೋ? ಮನೆಯವರು ಏನಂದರು? ಮಾರನೇ ದಿನ ಆ ದಾರಿಯಲ್ಲಿ ಹೋದಿರಾ? ಹದ್ದು ಇಳಿದದ್ದನ್ನು ಕಣ್ಣಾರೆ ನೋಡಿದ್ದರೆ ಬರೆಯಿರಿ, ನೋಡಿಲ್ಲದಿದ್ದರೆ ನೋಡಿಲ್ಲ ಅಂತಲೇ ಬರೆಯಿರಿ.

ಇನ್ನೊಂದು ಸಣ್ಣ ಕೆಲಸ. ರಾಮದೇವರ ಬೆಟ್ಟ 2012ರಿಂದ ರಣಹದ್ದು ಧಾಮ. ಉದ್ದ ಕೊಕ್ಕಿನ ರಣಹದ್ದುಗಳು ಅಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ. ನಿಮಗೆ ಹತ್ತಿರವೇ ಅಲ್ವಾ. ಒಂದು ಬೆಳಗ್ಗೆ ಹೋಗಿ, ಬಂಡೆ ಕಾಣುವ ಕಡೆ ಎರಡು ಗಂಟೆ ಸುಮ್ನೆ ಕೂತು ಬನ್ನಿ. ಎಷ್ಟು ಕಂಡವು, ಹೇಗೆ ಹಾರಿದವು ಅನ್ನುವುದು ಲೇಖನದ ಕೊನೆಗೆ ಬರಲಿ. ಒಂದೂ ಕಾಣದಿದ್ದರೆ ಅದೂ ಬರಲಿ.

1,200 ಪದ ಸಾಕು. ಉಳಿದ ಹನ್ನೆರಡು ಪದ್ಧತಿಯ ಪುಟಗಳನ್ನು ವಾಪಸ್ ಕಳಿಸುತ್ತಿದ್ದೇನೆ. ನಿಮ್ಮ ಪತ್ರವನ್ನು ಮಾತ್ರ ಇಟ್ಟುಕೊಂಡಿರುತ್ತೇನೆ, ಹೊಸ ಲೇಖನ ಬಂದಾಗ ಪಕ್ಕದಲ್ಲಿಟ್ಟು ಓದಬೇಕು.